ಗುರುಪಾದಪ್ಪನ ಬೈಕಿನ ಎಡಗಡೆ ದೀಪ

ನಾನು ಒಂದು ದೀಪ. ಹಾಗೆಂದ ಕೂಡಲೇ ನಿಮಗೆ ಹಣತೆ, ಎಣ್ಣೆ, ಬತ್ತಿ ನೆನಪಾಗಿ ಕೈಮುಗಿಯಲು ಹೊರಟಿರಬಹುದು. ಮುಗಿಯಬೇಡಿ. ನಾನು ಮೋಟರ್‌ಸೈಕಲ್ಲಿನ ಲೆಗ್‌ಗಾರ್ಡಿಗೆ ಬೋಲ್ಟು ಹಾಕಿ ಬಿಗಿಯುವ ಎಲ್‌ಇಡಿ ದೀಪ. ಅಂಗಡಿಯವರು ನನ್ನನ್ನು ಫಾಗ್‌ಲೈಟ್ ಎನ್ನುತ್ತಾರೆ. ಎದುರಿನಿಂದ ಬರುವ ಸವಾರರು ಬೇರೆ ಏನೋ ಅನ್ನುತ್ತಾರೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ನನ್ನನ್ನು ಹಡೆದದ್ದು ಒಂದು ಉದ್ದನೆಯ ಮೇಜು. ಅದರ ಎರಡೂ ಕಡೆ ತಲೆಗೆ ಟೋಪಿ ಹಾಕಿಕೊಂಡ ಹೆಣ್ಣುಮಕ್ಕಳು ಕೂತಿದ್ದರು. ಅಲ್ಯೂಮಿನಿಯಂ ತಟ್ಟೆಯ ಮೇಲೆ ಆರು ಬೆಳಕಿನ ಕಾಳು ಕೂರಿಸಿದರು, ಗಾಜು ಮುಚ್ಚಿದರು, ನೀರು ಒಳಗೆ ಬಾರದಂತೆ ರಬ್ಬರಿನ ಬಳೆ ತೊಡಿಸಿದರು. ಕೊನೆಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಕೊಟ್ಟರು. ಹುಟ್ಟಿದ ದಿನವೇ ಮುಳುಗಿಸಿದವರ ಎದುರು ನಾನು ಉರಿದು ತೋರಿಸಿದೆ. ಆಮೇಲೆ ನನ್ನ ಜೊತೆಗೆ ಇನ್ನೊಬ್ಬನನ್ನು ಇಟ್ಟು ಡಬ್ಬಿ ಮುಚ್ಚಿದರು. ಅವನು ಬಲಗಡೆಯವನು, ನಾನು ಎಡಗಡೆಯವನು.

ನಮ್ಮನ್ನು ಮೊದಲು ಕೊಂಡವನು ಮುಧೋಳದ ಒಬ್ಬ ಬ್ಯಾಂಕ್ ಗುಮಾಸ್ತ. ಗೋವಾಕ್ಕೆ ಹೋಗುವುದಿದೆ, ಘಾಟಿನಲ್ಲಿ ಮಂಜು ಇರುತ್ತದೆ ಎಂದು ಹಾಕಿಸಿಕೊಂಡ. ಗೋವಾಕ್ಕೆ ಅವನು ಹೋದದ್ದು ಬಸ್ಸಿನಲ್ಲಿ. ನಮ್ಮನ್ನು ಹಾಡಹಗಲೇ ಚಹಾದಂಗಡಿ ಮುಂದೆ ಹೊತ್ತಿಸಿ ಆರಿಸಿ ಗೆಳೆಯರಿಗೆ ತೋರಿಸುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರಲ್ಲ, ಆ ಮಲ್ಲಿಗೆ ಹೂವಾಗಿ ನಾನು ಒಂದು ವರ್ಷ ಬಾಳಿದೆ. ಬೈಕು ಮಾರುವಾಗ ನಮ್ಮನ್ನು ಬಿಚ್ಚಿಸಿ, ವೈರಿಂಗ್ ಕೆಲಸದ ದಾವಲಸಾಬನ ಅಂಗಡಿಯಲ್ಲೇ ಬಿಟ್ಟುಹೋದ. ಅಳಲಿಲ್ಲ ನಾನು. ತೋರಿಕೆಗೆ ಉರಿಯುವುದಕ್ಕಿಂತ ಹಲಗೆಯ ಮೇಲೆ ಧೂಳು ತಿನ್ನುವುದು ಮರ್ಯಾದೆಯ ಕೆಲಸ.

ಅಲ್ಲಿಗೆ ಒಂದು ದಿನ ಗುರುಪಾದಪ್ಪ ಬಂದ. ಐವತ್ತರ ಹತ್ತಿರದ ಮನುಷ್ಯ, ಕೊರಳಲ್ಲಿ ಲಿಂಗ, ಬೈಕಿನ ಹಿಂದೆ ಎರಡು ದೊಡ್ಡ ಬುಟ್ಟಿ. ಮುಧೋಳದಿಂದ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯವನು. ಅವನ ಹೆಂಡತಿ ಸಾವಂತ್ರವ್ವ ಹನ್ನೊಂದು ಮಂದಿ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನ ಒಲೆ ಹೊತ್ತಿಸಿದರೆ ಸಂಜೆಗೆ ಇನ್ನೂರೈವತ್ತು ಮೆತ್ತನೆಯ ರೊಟ್ಟಿ. ಏಳು ಗಂಟೆಯೊಳಗೆ ಅವು ಮುಧೋಳದ ಖಾನಾವಳಿ ಮುಟ್ಟಬೇಕು. ಮುಟ್ಟಿಸುವವನು ಗುರುಪಾದಪ್ಪ.

“ಹೆಡ್‌ಲೈಟ್ ಮಬ್ಬ ಐತಿ ದಾವಲಾ, ರೋಡ ಕಾಣಂಗಿಲ್ಲ,” ಎಂದ.

“ಹೋದ ತಿಂಗಳ ಹೊಸಾ ಬಲ್ಬ್ ಹಾಕೇನಲ್ಲೋ ಅಣ್ಣಾ. ಅದರ ಹಿಂದಿನ ತಿಂಗಳಾನೂ ಹಾಕೇನಿ.”

“ಅದು ಸಾಲಂಗಿಲ್ಲ. ಜೋರ ಬೆಳಕ ಬೇಕು.”

ದಾವಲಸಾಬ ಕೆಲಸದಲ್ಲಿ ಕಟ್ಟುನಿಟ್ಟಿನವನು. ಹಾರ್ನಿನ ವೈರಿಗೆ ಕಚ್ಚಿಸಿ ಐದು ನಿಮಿಷದಲ್ಲಿ ಮುಗಿಸುವವರು ಬೇರೆ ಇದ್ದಾರೆ. ಇವನು ಬ್ಯಾಟರಿಯಿಂದ ಬೇರೆ ವೈರು ಎಳೆದ, ಫ್ಯೂಸ್ ಹಾಕಿದ, ರಿಲೇ ಹಾಕಿದ, ಹ್ಯಾಂಡಲ್ಲಿಗೆ ಸಣ್ಣ ಸ್ವಿಚ್ಚು ಕೂರಿಸಿದ. ಆಮೇಲೆ ಬೈಕನ್ನು ಗೋಡೆಯಿಂದ ಇಪ್ಪತ್ತೈದು ಅಡಿ ದೂರ ನಿಲ್ಲಿಸಿ, ಹೆಡ್‌ಲೈಟಿನ ಎತ್ತರಕ್ಕೆ ಸುಣ್ಣದ ಗೆರೆ ಎಳೆದು, ನಮ್ಮಿಬ್ಬರ ಬೆಳಕು ಆ ಗೆರೆಯ ಕೆಳಗೆ ಬೀಳುವವರೆಗೆ ಕತ್ತು ಬಗ್ಗಿಸಿ ಬೋಲ್ಟು ಬಿಗಿದ. “ಗೆರಿ ದಾಟಿಸಬ್ಯಾಡ್ರಿ. ದಾಟಿದ್ರ ಎದುರಿನವರ ಕಣ್ಣಾಗ ಹೊಡಿತೈತಿ,” ಎಂದು ಹೇಳಿ ಕಳಿಸಿದ.

ಆ ವಾರ ನನ್ನ ಬಾಳಿನ ಚಿನ್ನದಂಥ ವಾರ. ರಸ್ತೆಯ ಗುಂಡಿ, ಕಬ್ಬಿನ ಸಿಪ್ಪೆ, ಅಡ್ಡ ಬರುವ ಮುಂಗುಸಿ ಎಲ್ಲವನ್ನೂ ತೋರಿಸಿದೆ. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ. ಆದರೆ ಗುರುಪಾದಪ್ಪ ನಾನು ತೋರಿಸಿದ ಗುಂಡಿಯಲ್ಲೇ ಚಕ್ರ ಇಳಿಸುತ್ತಿದ್ದ. ಒಂದು ಸಲವಲ್ಲ, ದಿನಾ. ಎಂಟನೇ ದಿನ ಮನೆಯಂಗಳದಲ್ಲಿ ಹನ್ನೆರಡರ ಪಾನ, ಅಂದರೆ ಸ್ಪ್ಯಾನರ್, ಹಿಡಿದು ಕೂತು, ಬೋಲ್ಟು ಸಡಿಲಿಸಿ, ನಮ್ಮಿಬ್ಬರ ಮುಖವನ್ನು ಮೇಲೆತ್ತಿಬಿಟ್ಟ.

ಅಲ್ಲಿಂದ ಬೈಗುಳದ ಸುಗ್ಗಿ. “ಏ, ಕಣ್ಣಾಗ ಯಾಕ ಹೊಡಿತೀಯೋ!” ಎಂದು ಎದುರಿನವರು ಕೂಗುತ್ತಿದ್ದರು. ಒಬ್ಬ ಪೊಲೀಸಪ್ಪ ನಿಲ್ಲಿಸಿ, ಇದನ್ನು ಬಿಚ್ಚಿಸದಿದ್ದರೆ ಗಾಡಿ ಹಿಡಿಯುತ್ತೇನೆ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ಬೈದದ್ದು ನನ್ನನ್ನು ನೋಡಿ. ನನ್ನ ಕತ್ತು ಹಿಡಿದೆತ್ತಿದ ಕೈಯನ್ನು ಯಾರೂ ಬೈಯಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದರೆ ಇದೇ.

ನಿಜ ಸಂಗತಿಯನ್ನು ನಾನು ಎಲ್ಲರಿಗಿಂತ ಮೊದಲು ತಿಳಿದೆ. ನನ್ನ ಬೆಳಕು ಸರಿಯಿತ್ತು. ಹೆಡ್‌ಲೈಟೂ ಸರಿಯಿತ್ತು. ಮಬ್ಬು ಇದ್ದದ್ದು ಗುರುಪಾದಪ್ಪನ ಕಣ್ಣಿನಲ್ಲಿ. ಹಗಲು ಹದ್ದಿನ ಕಣ್ಣು, ಸೂರ್ಯ ಮುಳುಗಿದರೆ ಗೋಡೆ ಯಾವುದು ಬಾಗಿಲು ಯಾವುದು ತಿಳಿಯುತ್ತಿರಲಿಲ್ಲ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ ಎಂದು ಕಾಣುತ್ತದೆ. ಬಲ್ಬು ಬದಲಿಸುತ್ತಾ, ದೀಪ ಕಟ್ಟಿಸುತ್ತಾ ಕಾಲ ತಳ್ಳುತ್ತಿದ್ದ.

ಜನವರಿ ಬಂತು. ನಮ್ಮ ಕಡೆ ಅದು ಕಬ್ಬಿನ ಹಂಗಾಮು. ಹೊಲಗಳಲ್ಲಿ ರವದಿ, ಅಂದರೆ ಕಬ್ಬಿನ ಒಣಗರಿ, ಸುಟ್ಟ ಹೊಗೆ ಸಂಜೆಗೆ ರಸ್ತೆಯ ಮೇಲೆ ಮಲಗಿರುತ್ತದೆ. ಅವತ್ತು ಖಾನಾವಳಿಯವರ ಜೊತೆ ಮಾತಾಡುವುದಿದೆ ಎಂದು ಸಾವಂತ್ರವ್ವನೂ ಹಿಂದೆ ಕೂತಿದ್ದಳು. ದಾರಿಯ ಎಡಕ್ಕೆ ಒಂದು ಕಬ್ಬಿನ ಟ್ರೇಲರ್ ಪಂಕ್ಚರಾಗಿ ನಿಂತಿತ್ತು. ಹಿಂದೆ ದೀಪವಿರಲಿಲ್ಲ. ನಮ್ಮ ಜನರ ಪದ್ಧತಿಯಂತೆ ಹಿಂದೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ ಇಟ್ಟಿದ್ದರು. ನನ್ನ ಮುಖ ಮೇಲಿದ್ದರೂ ಕಬ್ಬಿನ ಹೇರು ಆನೆಯಷ್ಟು ಎತ್ತರ. ಅದರ ಮೇಲೆ ನನ್ನ ಬೆಳಕೆಲ್ಲ ಸುರಿದೆ. ಇಷ್ಟು ತೋರಿಸಿದ ಮೇಲೆ ಇನ್ನೇನು ಮಾಡಲಿ ಹೇಳಿ.

“ರೀ, ಟ್ರೇಲರ್! ಟ್ರೇಲರ್ ಐತ್ರೀ!” ಎಂದು ಸಾವಂತ್ರವ್ವ ಅವನ ಭುಜ ಹಿಡಿದು ಜಗ್ಗಿದಳು.

ಹ್ಯಾಂಡಲ್ಲು ತಿರುಗಿತು. ಬಲಗಡೆಗೆ ಉರುಳಿದೆವು. ರೊಟ್ಟಿಯೆಲ್ಲ ಮಣ್ಣಿನಲ್ಲಿ ಹರಡಿತು. ಇಬ್ಬರಿಗೂ ಮೊಣಕಾಲು ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ನನ್ನ ಜೊತೆಯವನ ಗಾಜು ಒಡೆದು ಹೊಟ್ಟೆ ಹೊರಬಂದಿತ್ತು. ಅವನು ಒಂದು ಗಳಿಗೆ ಮಿಣಮಿಣ ಎಂದು ಆರಿಹೋದ. ಒಂದೇ ಡಬ್ಬಿಯಲ್ಲಿ ಬಂದವರು ನಾವು. ನನಗೆ ಬಹಳ ದುಃಖವಾಯಿತು, ದುಃಖಕ್ಕಿಂತ ಹೆಚ್ಚು ಸಿಟ್ಟು ಬಂತು.

ಊರಿನ ಕಟ್ಟೆಯ ಮೇಲೆ ಕೂತವರು, ಗುರುಪಾದ ಕುಡಿದು ಬಿದ್ದ ಎಂದು ಮಾತಾಡಿಕೊಂಡರು. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ, ಆದರೂ ಅಲ್ಲ ಎನ್ನಲಿಲ್ಲ. ಕುರುಡ ಎನಿಸಿಕೊಳ್ಳುವುದಕ್ಕಿಂತ ಕುಡುಕ ಎನಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು. ಗಂಡಸರ ಲೆಕ್ಕಾಚಾರ ನನ್ನಂಥ ಆರು ಕಾಳಿನ ದೀಪಕ್ಕೆ ಅರ್ಥವಾಗುವುದಿಲ್ಲ.

ಮರುದಿನ ಸಂಜೆ ಗಂಡಹೆಂಡಿರು ದಾವಲಸಾಬನ ಅಂಗಡಿಗೆ ಬಂದರು. “ಈ ಲೈಟ ಸರಿ ಇಲ್ಲ, ಕಿತ್ತ ಒಗಿ,” ಎಂದ ಗುರುಪಾದಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ದಾವಲಸಾಬ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೊತ್ತು ಮುಳುಗಿತ್ತು, ಅಂಗಡಿಯೊಳಗೆ ಇನ್ನೂ ದೀಪ ಹಾಕಿರಲಿಲ್ಲ, ಆದರೆ ಎಲ್ಲ ಕಾಣುವಷ್ಟು ಬೆಳಕಿತ್ತು.

“ನಿಮ್ಮ ಕಾಲಾಗ ಪಾನ ಐತಿ, ಕೊಡ್ರಿ ಅಣ್ಣಾ,” ಎಂದು ಕೈಚಾಚಿದ.

ಪಾನ ಗುರುಪಾದಪ್ಪನ ಚಪ್ಪಲಿಯ ಪಕ್ಕದಲ್ಲೇ ಬಿದ್ದಿತ್ತು. ಅವನು ಬಗ್ಗಿ ನೆಲದ ಮೇಲೆ ಅಂಗೈ ಆಡಿಸಿದ. ಕೈ ಆಚೆ ಹೋಯಿತು, ಈಚೆ ಬಂತು, ಪಾನವನ್ನು ಸುತ್ತಿಕೊಂಡು ಹೋಯಿತು. ಸಾವಂತ್ರವ್ವ ಆ ಕೈಯನ್ನೇ ನೋಡುತ್ತಾ ನಿಂತಳು. ದಾವಲಸಾಬ ತಾನೇ ಪಾನ ಎತ್ತಿಕೊಂಡ. ನನ್ನನ್ನು ಕೀಳಲಿಲ್ಲ. ಮುಖ ಬಗ್ಗಿಸಿ, ಗೆರೆಯ ಕೆಳಕ್ಕೆ ತಂದು, ಮತ್ತೆ ಬಿಗಿದ.

“ವೈನಿ, ಇದು ನನ್ನ ಕೆಲಸ ಅಲ್ಲ. ಬಾಗಲಕೋಟಿಗೆ ಕರಕೊಂಡ ಹೋಗ್ರಿ, ಕಣ್ಣಿನ ಡಾಕ್ಟರ್ ಕಡೆ,” ಎಂದ ಸಾವಂತ್ರವ್ವನಿಗೆ.

ಡಾಕ್ಟರು ಹೇಳಿದ್ದನ್ನು ಅಂಗಳದಲ್ಲಿ ಸಾವಂತ್ರವ್ವ ತನ್ನ ಹೆಂಗಸರಿಗೆ ಹೇಳುವಾಗ ಕೇಳಿಸಿಕೊಂಡೆ. ಇರುಳುಗುರುಡು, ಅದೂ ಮಾತ್ರೆಗೆ ಬಗ್ಗದ ಜಾತಿಯದು. ಅದಕ್ಕೆ ಕನ್ನಡಕವಿಲ್ಲ, ಆಪರೇಷನ್ನಿಲ್ಲ. ಸಂಜೆಯಾದ ಮೇಲೆ ಗಾಡಿ ಮುಟ್ಟುವ ಹಾಗಿಲ್ಲ. ಹನ್ನೊಂದು ಹೆಂಗಸರೂ ಹಿಟ್ಟಿನ ಕೈಯಲ್ಲೇ ಕೂತುಬಿಟ್ಟರು. ಮೂರು ದಿನ ಆಟೋದಲ್ಲಿ ಕಳಿಸಿ ನೋಡಿದರು. ಕಬ್ಬಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿ ಆಟೋ ಎಂಟೂವರೆಗೆ ಮುಟ್ಟಿತು. ಇನ್ನೊಂದು ದಿನ ತಡವಾದರೆ ಬೇರೆ ಕಡೆ ಹೇಳುತ್ತೇವೆ ಎಂದರು ಖಾನಾವಳಿಯವರು. ಅದು ಹೋದರೆ ಹನ್ನೊಂದು ಮನೆಯ ಸಂಜೆಯ ಒಲೆಗೆ ಕೆಲಸವಿಲ್ಲ.

“ನಾ ಹೊಡೀತೀನಿ ಗಾಡಿ,” ಎಂದಳು ಸಾವಂತ್ರವ್ವ.

“ಹುಚ್ಚ ಹಿಡದೈತೇನ ನಿನಗ?”

“ಹಿಡದೈತಿ ಅಂತನ ತಿಳೀರಿ.”

ಖಾನಾವಳಿಯವರ ಹತ್ತಿರ ಒಂದು ತಿಂಗಳ ವಾಯಿದೆ ಬೇಡಿಕೊಂಡಳು. ಸೀರೆಗೆ ಕಚ್ಚೆ ಹಾಕಿಕೊಂಡು, ಹೊಲದ ಕೆಲಸಕ್ಕೆ ನಿಂತವಳಂತೆ ಬೈಕು ಹತ್ತಿದಳು. ಬೆಳಿಗ್ಗೆ ಕೆನಾಲಿನ ದಂಡೆಯ ಮಣ್ಣುರಸ್ತೆಯಲ್ಲಿ ಕಲಿಸಿದವನು ಗುರುಪಾದಪ್ಪನೇ. ನಾಲ್ಕು ಸಲ ಬಿದ್ದಳು. ನನ್ನ ಮೈ ಕೆತ್ತಿತು, ನಾನು ಗೊಣಗಲಿಲ್ಲ. ತಿಂಗಳೊಳಗೆ ಬುಟ್ಟಿ ಕಟ್ಟಿಕೊಂಡು ಹೋಗಿಬರುವಷ್ಟಾದಳು. ಲೈಸೆನ್ಸೂ ಮಾಡಿಸಿದಳು.

ಆದರೆ ಗುರುಪಾದಪ್ಪ ಒಂದು ಕರಾರು ಹಾಕಿದ. ಹೆಂಡತಿ ಓಡಿಸುವುದು ಊರ ಹೊರಗೆ, ಕೆನಾಲ್ ಸೇತುವೆಯ ಆಚೆ. ಊರೊಳಗೆ ಹ್ಯಾಂಡಲ್ಲು ಅವನ ಕೈಯಲ್ಲೇ ಇರಬೇಕು. ಕಟ್ಟೆಯವರ ಕಣ್ಣಿಗೆ ಅವನು ಹೆಂಡತಿಯ ಹಿಂದೆ ಕೂತದ್ದು ಬೀಳಬಾರದು. ಹೋಗುವಾಗ ಬೆಳಕಿರುತ್ತಿತ್ತು, ನಡೆಯಿತು. ಬರುವಾಗ? ಸೇತುವೆಯ ಹತ್ತಿರ ಇಬ್ಬರೂ ಇಳಿದು ಜಾಗ ಬದಲಿಸುತ್ತಿದ್ದರು. ಆಮೇಲೆ ಒಂದು ಕಿಲೋಮೀಟರ್ ಕತ್ತಲೆಯಲ್ಲಿ ಕಾಣದವನು ಓಡಿಸಬೇಕು, ಕಾಣುವವಳು ಹಿಂದೆ ಕೂತು ದಾರಿ ಹೇಳಬೇಕು. ಎಡಭುಜ ತಟ್ಟಿದರೆ ಎಡಕ್ಕೆ, ಬಲಭುಜ ತಟ್ಟಿದರೆ ಬಲಕ್ಕೆ, ಎರಡೂ ತಟ್ಟಿದರೆ ಬ್ರೇಕು. ಈ ನಾಟಕಕ್ಕೆ ನಾನು ದೀಪ ಹಿಡಿಯಬೇಕಾಯಿತು. ಫ್ಯೂಸ್ ಸುಟ್ಟುಕೊಂಡು ಆರಿಬಿಡೋಣ ಎನ್ನಿಸುತ್ತಿತ್ತು. ಆದರೆ ನಾನು ಆರಿದರೆ ಅವಳಿಗೂ ಕಾಣುವುದಿಲ್ಲವಲ್ಲ, ಹಾಗಾಗಿ ಹಲ್ಲು ಕಚ್ಚಿ ಉರಿದೆ.

ಎರಡು ತಿಂಗಳು ಹೀಗೆ ನಡೆಯಿತು. ಒಂದು ಸಂಜೆ, ಕಟ್ಟೆಯ ಹತ್ತಿರದ ತಿರುವಿನಲ್ಲಿ, ಮೂರು ವರ್ಷದ ಒಂದು ಹೆಣ್ಣುಕೂಸು ಕೈಯಲ್ಲಿ ಬೆಲ್ಲದ ಚೂರು ಹಿಡಿದು ರಸ್ತೆಯ ನಡುವೆ ಬಂದು ನಿಂತಿತು. ನಾನು ತೋರಿಸಿದೆ. ಸಾವಂತ್ರವ್ವ ಎರಡೂ ಭುಜಕ್ಕೆ ರಪರಪ ಬಡಿದಳು. ಬೈಕು ಚೀರಿ ನಿಂತಿತು. ಮುಂದಿನ ಚಕ್ರಕ್ಕೂ ಆ ಕೂಸಿಗೂ ನಡುವೆ ಒಂದು ಗೇಣು ಇತ್ತು. ಕೂಸು ನನ್ನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬೆಲ್ಲ ಚೀಪುತ್ತಿತ್ತು.

ಅಜ್ಜಿ ಓಡಿಬಂದು ಎತ್ತಿಕೊಂಡಳು. ಕಟ್ಟೆಯವರೆಲ್ಲ ಎದ್ದರು.

“ಕಣ್ಣ ಕಾಣಂಗಿಲ್ಲೇನ? ಮತ್ತ ಕುಡದ ಬಂದಾನ ನೋಡ್ರಿ!” ಎಂದು ಒಬ್ಬ ಮುದುಕ ಕೂಗಿದ.

ಗುರುಪಾದಪ್ಪ ಹೌದು ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ನಾಲ್ಕು ಮಾತು ಬೈದು ಮನೆಗೆ ಕಳಿಸುತ್ತಿದ್ದರು. ಅವನು ಕೂಸು ಯಾವ ಕಡೆ ಇದೆ ಎಂದು ಹುಡುಕುವವನಂತೆ ತಲೆ ತಿರುಗಿಸಿದ. ಸಿಗಲಿಲ್ಲ.

“ಕುಡದಿಲ್ಲ,” ಎಂದ. “ಕತ್ತಲಾದ್ರ ನನಗ ಕಾಣಂಗಿಲ್ಲ. ಏನೂ ಕಾಣಂಗಿಲ್ಲ.”

ಅವನು ಇಳಿದ. ಸ್ಟ್ಯಾಂಡು ಹಾಕಲು ಕಾಲು ತಡವರಿಸಿತು, ಆದರೂ ಹಾಕಿದ.

“ಆಕಿಗೆ ಕಾಣ್ತೈತಿ. ಇನ್ನ ಆಕೀನ ಹೊಡೀತಾಳ.”

“ಹೇಂತಿ ಹಿಂದ ಕುಂಡ್ರತೀಯೇನೋ?” ಎಂದ ಮುದುಕ. ಅವನ ದನಿಯಲ್ಲಿ ನಗು ಅರ್ಧಕ್ಕೇ ನಿಂತಿತ್ತು.

“ಕುಂಡ್ರತೀನಿ,” ಎಂದ ಗುರುಪಾದಪ್ಪ.

ಸಾವಂತ್ರವ್ವ ಕಚ್ಚೆ ಬಿಗಿಮಾಡಿಕೊಂಡು ಮುಂದೆ ಬಂದು ಕೂತಳು. ಅವನು ಕೈ ಆಡಿಸಿ ಸೀಟು ಹುಡುಕಿ ಹಿಂದೆ ಕೂತ. ಖಾಲಿ ಬುಟ್ಟಿಗಳ ನಡುವೆ, ಊರೆಲ್ಲ ನೋಡುತ್ತಿರುವಂತೆ, ಹೆಂಡತಿಯ ಭುಜ ಹಿಡಿದುಕೊಂಡ. ಕಟ್ಟೆಯ ಮುಂದೆ ಅವಳು ಗಾಡಿಯನ್ನು ಜೋರಾಗಿ ಓಡಿಸಲಿಲ್ಲ. ಎತ್ತಿನ ಗಾಡಿಯಷ್ಟು ನಿಧಾನ ನಡೆಸಿದಳು. ನಾನು ಒಂಟಿಯಾಗಿ ಉರಿಯುತ್ತಾ, ನನಗೆ ಎರಡು ದೀಪದ ಬಲ ಎಲ್ಲಿಂದ ಬಂತೋ ಎಂದುಕೊಂಡೆ.

ಅದಾಗಿ ಐದು ವರ್ಷವಾಯಿತು. ನನ್ನ ಆರು ಕಾಳುಗಳಲ್ಲಿ ಮೂರು ಸತ್ತಿವೆ. ಗಾಜು ಹಳದಿಯಾಗಿದೆ, ಬೋಲ್ಟಿಗೆ ತುಕ್ಕು. ಹೆಡ್‌ಲೈಟು ಈಗ ಹೊಸದು, ಬಿಳಿ, ನನಗಿಂತ ನಾಲ್ಕು ಪಟ್ಟು ಜೋರು. ನನ್ನನ್ನು ತೆಗೆದು ಗುಜರಿಗೆ ಹಾಕಿ ಎನ್ನುವವರಿದ್ದಾರೆ. ಹಾಕಲಿ. ನನಗೇನೂ ಬೇಸರವಿಲ್ಲ. ನನ್ನಿಂದಾಗಿ ಊರಿಗೆ ಬುದ್ಧಿ ಬಂತು ಎಂದು ಹೇಳಿಕೊಳ್ಳುವುದಿಲ್ಲ. ಕಟ್ಟೆಯ ಮೇಲೆ ಈಗಲೂ ನಗುವವರು ನಗುತ್ತಾರೆ. ದಾರಿ ತೋರಿಸುವುದು ನನ್ನ ಕೆಲಸವಾಗಿತ್ತು, ತೋರಿಸಿದೆ. ನೋಡುವ ಕೆಲಸ ನನ್ನದಾಗಿರಲಿಲ್ಲ.

ಮೊನ್ನೆ ಖಾನಾವಳಿಯ ಮುಂದೆ ಹೊಸಬನೊಬ್ಬ ನಮ್ಮನ್ನು ನೋಡಿ ಕೇಳಿದ, “ಏನ್ ಕಾಕಾ, ಗಾಡಿ ಕಾಕೂ ಹೊಡೀತಾರ, ನಿಮಗ ಬರಂಗಿಲ್ಲೇನ?”

“ಆಕಿಗೆ ಕಲಿಸಿದಾಂವ ನಾನ,” ಎಂದ ಗುರುಪಾದಪ್ಪ, ಬುಟ್ಟಿ ಇಳಿಸುತ್ತಾ.