ಹಿಟ್ಟಿನ ಡಬ್ಬದಲ್ಲಿದ್ದ ಫೋನ್

ಬೇಕರಿಯಾಕೆ ಫೋನನ್ನು ಹಿಟ್ಟಿನ ಡಬ್ಬದ ತಳದಲ್ಲಿ ಹೂತಿಟ್ಟಳು. ಆದರೆ ಅವಳು ಚಾಪೆಯ ಕೆಳಗೆ ತೂರಿದರೆ ಮಗಳು ರಂಗೋಲಿಯ ಕೆಳಗೆ ತೂರುವವಳು. ಸಂಜೆ ಕೋಣೆಯ ಬಾಗಿಲು ತೆರೆದರೆ, ಮೊಣಕೈವರೆಗೂ ಬೆಳ್ಳಗಾದ ಕೈಯಲ್ಲಿ ಫೋನ್ ಹಿಡಿದು ಹುಡುಗಿ ಆನ್‌ಲೈನ್ ಆಟದಲ್ಲಿ ಮುಳುಗಿದ್ದಳು.

"ಕಳ್ಳಿ! ಕೈ ನೋಡ್ಕೋ!"

"ಒಂದೇ ನಿಮಿಷ ಅಮ್ಮ. ನಾನು ಎದ್ರೆ ಟೀಮ್ ಸೋಲುತ್ತೆ."

ಆ ಒಂದು ನಿಮಿಷಕ್ಕೆ ಕೊನೆಯೇ ಇರಲಿಲ್ಲ. ಹೊಸ ಶಾಲೆಗೆ ಸೇರಿದಾಗಿನಿಂದ ಮಗಳಿಗೆ ಊಟ ಬೇಡ, ನಿದ್ದೆ ಬೇಡ, ಮಾತಂತೂ ಬೇಡವೇ ಬೇಡ. ಹುಡುಗಿ ಕೈತಪ್ಪಿ ಹೋಗುತ್ತಿದ್ದಾಳೆ ಎಂಬ ಭಯ ತಾಯಿಗೆ. ವಿಜ್ಞಾನದ ಮೇಡಂ ಹೇಳಿ ಕಳಿಸಿದಾಗ, ಮಗಳನ್ನು ಶಾಲೆಯಿಂದಲೇ ತೆಗೆಯುತ್ತಾರೆಂದು ಹೆದರಿ ಏಪ್ರನ್ ಬಿಚ್ಚದೆ ಓಡಿದಳು.

ಮೇಡಂ ಕುರ್ಚಿ ಎಳೆದು ಕೊಟ್ಟರು.

"ಬೈಯೋಕೆ ಕರೆಸಿಲ್ಲ, ಕೂತ್ಕೊಳ್ಳಿ. ಕ್ಲಾಸಲ್ಲೂ ನಿಮ್ಮ ಮಗಳಿಗೆ ಫೋನಿನ ಆಟದ್ದೇ ಧ್ಯಾನ. ಅದರಲ್ಲಿ ಅಂಥದ್ದೇನಿದೆ ಅಂತ ಅವಳನ್ನೇ ಕೇಳಿದೆ. 'ಅಲ್ಲಿ ನಾಲ್ಕು ಜನ ನನ್ನ ಕರೀತಾರೆ ಮೇಡಂ' ಅಂದ್ಲು."

ಅವರು ಬಾಗಿಲ ಪಕ್ಕದ ಕೊನೆಯ ಬೆಂಚು ತೋರಿಸಿದರು. ಮಕ್ಕಳನ್ನು ಅಂಕದ ಪ್ರಕಾರ ಕೂರಿಸುವುದು ಆ ಶಾಲೆಯ ಪದ್ಧತಿ. ಹೊಸಬಳಿಗೆ ಅಂಕವೇ ಇರಲಿಲ್ಲವಾದ್ದರಿಂದ ಆ ಬೆಂಚಿನಲ್ಲಿ ಒಬ್ಬಳೇ. ಊಟವೂ ಅಲ್ಲೇ, ಮಾತಾಡದೆ.

ಬೇಕರಿಯಾಕೆ ಹಣೆ ಚಚ್ಚಿಕೊಂಡಳು. "ಚಳಿಗೆ ಹಿಟ್ಟು ಉಬ್ಬದಿದ್ರೆ ನಾನು ಹಿಟ್ಟನ್ನ ಬೈತೀನಾ? ಒಲೆ ಹತ್ರ ಇಡ್ತೀನಿ. ಮಗಳ ವಿಷಯಕ್ಕೆ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ!"

"ಇಲ್ಲಿ ಒಲೆ ಹಚ್ಚೋದು ನನಗೆ ಬಿಡಿ," ಎಂದು ಮೇಡಂ ನಕ್ಕರು. "ಮನೇಲಿ ಫೋನ್ ಬಚ್ಚಿಡ್ಬೇಡಿ. ಇಷ್ಟು ಹೊತ್ತು ಅಂತ ಅವಳ ಜೊತೆಗೇ ಕೂತು ಗೊತ್ತು ಮಾಡಿ."

ಮೇಡಂ ಮುಖ್ಯೋಪಾಧ್ಯಾಯರ ಜೊತೆ ಜಗಳವಾಡಿಯೇ ಬೆಂಚುಗಳನ್ನು ಎದುರುಬದುರು ತಿರುಗಿಸಿದರು. ನಾಲ್ಕು ನಾಲ್ಕು ಮಕ್ಕಳ ಗುಂಪು. ಪಾಠ, ಪ್ರಯೋಗ, ಊಟ ಎಲ್ಲ ಒಟ್ಟಿಗೆ. ಮಾಯ ಮಾಡಿದಂತೆ ಏನೂ ಬದಲಾಗಲಿಲ್ಲ. ಮೊದಮೊದಲು ಹುಡುಗಿ ಬ್ಯಾಗು ಎಸೆದು ಫೋನಿಗೇ ಹಾರುತ್ತಿದ್ದಳು, ಗೊತ್ತು ಮಾಡಿದ ಹೊತ್ತು ಮುಗಿದರೆ ಅಳುತ್ತಿದ್ದಳು. ಆಮೇಲೆ ಒಂದು ದಿನ, "ಅಮ್ಮ, ಹಳೇ ವೈರ್ ಇದ್ಯಾ? ನಾಳೆ ನಮ್ಮ ಗುಂಪು ಬಲ್ಬ್ ಉರಿಸ್ಬೇಕು," ಎಂದಳು. ತಾಯಿ ಮಗಳಿಗೆ ಕಾಣದಂತೆ ಕಣ್ಣೊರೆಸಿಕೊಂಡು ವೈರ್ ಹುಡುಕಿದಳು.

ಇನ್ನೊಂದು ಸಂಜೆ ಅಂಗಡಿಯ ಮುಂದೆ ಅವಳ ಗುಂಪಿನ ಮೂವರು ಮಕ್ಕಳ ಕೂಗು: "ಏ ಹಿಟ್ಟಮ್ಮಾ, ಬೇಗ ಬಾರೇ!"

ಹಿಟ್ಟಿನ ಡಬ್ಬದ ಕಥೆಯನ್ನು ಮಗಳೇ ಊಟದ ಹೊತ್ತಿನಲ್ಲಿ ಹೇಳಿದ್ದಳಂತೆ, ಅದಕ್ಕೇ ಆ ಹೆಸರು. ಆಟದ ಮಧ್ಯದಲ್ಲೇ ಫೋನನ್ನು ಗಲ್ಲಾದ ಮೇಲಿಟ್ಟು ಹಿಟ್ಟಮ್ಮ ಹೊರಗೆ ಜಿಗಿದಳು.

"ಕ್ಯಾಪ್ಟನ್, ಎಲ್ಲಿದೀಯಾ?" ಎಂದಿತು ಫೋನು.

ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಅದನ್ನೆತ್ತಿಕೊಂಡಳು. "ನಿಮ್ಮ ಕ್ಯಾಪ್ಟನ್ ಗೆಳತಿಯರ ಜೊತೆ ಹೋದ್ಲು ಕಣ್ರಪ್ಪಾ. ನೀವೂ ಸ್ವಲ್ಪ ಹೊರಗೆ ಹೋಗಿ!"

ಮರುದಿನ ಒಲೆಯಿಂದ ಇಳಿದ ಮೊದಲ ಬ್ರೆಡ್ಡನ್ನು ಮಾರಲಿಲ್ಲ. ಬಿಸಿಯಾರುವ ಮುಂಚೆ ಕಾಗದದಲ್ಲಿ ಸುತ್ತಿ, "ಮೇಡಂ ಕೈಗೇ ಕೊಡು. ಬೇಡ ಅಂದ್ರೆ ಅಲ್ಲೇ ಇಟ್ಟು ಓಡ್ಬಾ," ಎಂದು ಮಗಳ ಬ್ಯಾಗಿಗೆ ಹಾಕಿದಳು.