ಗೌಡರ ಉಪವಾಸಕ್ಕೆ ಕೂತವರು

"ಉಪಾಸ ಕುಂತಾವ ತೇಗ್ತಿ ಏನಲೇ, ಬೋಳಿಮಗನ? ಗದಗಿನ ಮಂದಿ ಏನ ತಿಳಕೋಬೇಕು?"

ಸಂಗಪ್ಪಗೌಡರು ಬೈದದ್ದು ತಿರಕಪ್ಪನನ್ನು. ತಿರಕಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಇದು ಉಂಡ ತೇಗಲ್ಲ, ಬರಿಹೊಟ್ಟೆಯ ಗಾಳಿ ಎಂದು ಬೆರಳ ಸಂದಿಯಿಂದಲೇ ಹೇಳಿದ. ಗಾಳಿಯಾದರೆ ಕೆಳಗಿಂದ ಬಿಡು, ಮೇಲಿಂದ ಬಿಟ್ಟರೆ ಸಮಿತಿಯ ಮಾನ ಹೋಗುತ್ತದೆ ಎಂದು ಗೌಡರು ಅಪ್ಪಣೆ ಕೊಟ್ಟರು. ಆಮೇಲೆ ಹೆಗಲ ಮೇಲಿನ ಖಾದಿ ವಲ್ಲಿ ಸರಿಮಾಡಿಕೊಂಡು, ಗದಗಿನಿಂದ ಬಂದವರಿಗೆ ಕೈಮುಗಿಯಲು ಹೋದರು.

ಪಕ್ಕದಲ್ಲಿ ಕೂತಿದ್ದ ಹುಚ್ಚವ್ವನಿಗೆ ನಗು ಬಂತು, ತಡೆದುಕೊಂಡಳು. ಇಷ್ಟು ಹಸಿದ ಮೇಲೆ ನಕ್ಕರೆ ಪಕ್ಕೆಲುಬು ಹಿಡಿದುಕೊಳ್ಳುತ್ತದೆ ಎಂಬುದು ಆಕೆಗೆ ಹಳೆಯ ಅನುಭವ.

ಕಪ್ಪತಗುಡ್ಡದ ಬುಡದಲ್ಲಿರುವ ಮುಳ್ಳಕೊಪ್ಪದಲ್ಲಿ, ಗುಡ್ಡ ಹತ್ತುವ ಗಾಡಿದಾರಿಯ ಮಗ್ಗುಲಿಗೆ, ಬೇವಿನ ಮರದ ಹತ್ತಿರ ಹಂದರ ಹಾಕಿದ್ದರು. ಮುಂದೆ ಕಟ್ಟಿದ ಬಟ್ಟೆಯ ಮೇಲೆ 'ಗುಡ್ಡ ಉಳಿಸುವ ಸಮಿತಿ' ಎಂದು ಬರೆದಿತ್ತು. ಹಂದರದ ನೆರಳಲ್ಲಿ ಸಮಿತಿ ಕೂತಿತ್ತು. ಹಂದರದ ಆಚೆ, ಬಿಸಿಲಿನಲ್ಲಿ, ಹರಿದ ಚಾಪೆಯ ಮೇಲೆ ಉಪವಾಸ ಕೂತಿತ್ತು.

ಮುಂಬಯಿಯ ಕಂಪನಿಯೊಂದು ಗುಡ್ಡದಲ್ಲಿ ಕಬ್ಬಿಣದ ಅದಿರು ಅಗೆಯಲು ಬಂದಿತ್ತು. ಗುಡ್ಡವೋ ರಿಜರ್ವ ಅಡವಿ. ಹುಚ್ಚವ್ವ ಆ ಅಡವಿಯ ಒಣಕಟ್ಟಿಗೆ, ಹುಲ್ಲು ಹೊತ್ತು ಶಿರಹಟ್ಟಿ ಸಂತೆಯಲ್ಲಿ ಮಾರಿ ಬದುಕಿದವಳು. ಒಮ್ಮೆ ಹಸಿ ಟೊಂಗೆ ಮುರಿದಳೆಂದು ಗಾರ್ಡ ಆಕೆಯ ಕುಡುಗೋಲು ಕಸಿದುಕೊಂಡು, ಸರಕಾರದ ಗಿಡಕ್ಕೆ ಕೈ ಹಚ್ಚುತ್ತೀಯಾ ಎಂದು ಸೊಂಟಕ್ಕೆ ಒದ್ದಿದ್ದ. ಈಗ ಅದೇ ಗಾರ್ಡ ಕಂಪನಿಯ ಕೊಡಲಿಯವರ ಮುಂದೆ ನಿಂತು, ಯಾವ ಗಿಡ ಮೊದಲು ಕೆಡವಬೇಕೆಂದು ಬೆರಳು ತೋರಿಸುತ್ತಿದ್ದ. ಗುಡ್ಡಕ್ಕೆ ಕಂಪನಿಯ ಬೇಲಿ ಬಿದ್ದರೆ ಊರಾಚೆಯ ಕೇರಿಯವರು ಒಲೆಗೆ ಏನು ಹಾಕಬೇಕು, ಸಂತೆಗೆ ಏನು ಹೊರಬೇಕು? ಗಂಟು ಕಟ್ಟಿಕೊಂಡು ದಿಕ್ಕು ಹುಡುಕುವುದೊಂದೇ ಉಳಿಯುತ್ತಿತ್ತು.

ಗೌಡರಿಗೂ ಗುಡ್ಡದ ಮೇಲೆ ಪ್ರೀತಿ ಹುಟ್ಟಿತ್ತು. ಅದಿರನ್ನು ಗದಗ ಸ್ಟೇಶನ್ನಿಗೆ ಸಾಗಿಸುವ ಗಾಡಿಗಳ ಗುತ್ತಿಗೆ ತಮ್ಮನ್ನು ಬಿಟ್ಟು ಬೀಗರಿಗೆ ಹೋಯಿತೆಂದು ತಿಳಿದ ದಿನವೇ ಅದು ಹುಟ್ಟಿತು. ಕನ್ನಡನಾಡು ಒಂದಾಗಬೇಕೆಂದು ಊರೂರಲ್ಲಿ ಸಭೆ, ಮೆರವಣಿಗೆ ನಡೆಯುತ್ತಿದ್ದ ಕಾಲ. ಹುಬ್ಬಳ್ಳಿ ಕಡೆ ಉಪವಾಸ ಕೂತವರಿಂದ ಸರಕಾರವೇ ಅಲ್ಲಾಡಿತೆಂಬ ಸುದ್ದಿ ಕೇಳಿ ಗೌಡರೂ ಕೂತರು. ಮುಂಜಾನೆ ಆರತಿ ಮಾಡಿಸಿಕೊಂಡು ಕೂತವರು, ಮಧ್ಯಾಹ್ನ ಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬಂದಾಗ ಪಿತ್ತ ಏರಿ ಎದ್ದುಬಿಟ್ಟರು. ಮುಖಂಡನೇ ಸತ್ತರೆ ಚಳವಳಿ ನಡೆಸುವವರು ಯಾರು ಎಂದು ಸಮಿತಿ ಚಿಂತೆಗೆ ಬಿತ್ತು. ಚಿಂತೆ ಬಿಡಿಸಿದವರೂ ಗೌಡರೇ. ಕೇರಿಯ ಕಡೆ ಕೈ ಮಾಡಿ ಅಂದರು:

"ಅವ್ರನ್ನ ಕುಂಡ್ರಸ್ರಿ. ಅವ್ರಿಗೆ ರೂಢಿ ಐತಿ."

ರೂಢಿ ಇದ್ದದ್ದು ಖರೆ. ಗೌಡರ ಹೊಲದಲ್ಲಿ ದುಡಿಯುವ ಕೇರಿಯ ತಿರಕಪ್ಪ ಒಲ್ಲೆ ಅನ್ನುವ ಹಾಗೂ ಇರಲಿಲ್ಲ. ಆದರೆ ಹುಚ್ಚವ್ವ ಕರೆಯುವ ಮೊದಲೇ ಬಂದು ಕೂತಿದ್ದಳು. ಮನೆಯಲ್ಲಿ ಹಸಿದಿದ್ದರೆ ಏನೂ ಸಿಗುತ್ತಿರಲಿಲ್ಲ, ಇಲ್ಲಿ ಹಸಿದರೆ ಒಂದು ಗುಡ್ಡವಾದರೂ ಉಳಿದೀತು ಎಂಬುದು ಆಕೆಯ ಲೆಕ್ಕ.

ನೋಡಲು ಬರುವವರ ಸಾಲು ಹತ್ತಿತು. ಬೆಟಗೇರಿಯ ವ್ಯಾಪಾರಸ್ಥರು ಹೂವಿನ ಹಾರ ತಂದರು. ಕೊರಳಿಗೆ ಹಾಕಲು ಬಗ್ಗಿದವರ ಕಿವಿಯಲ್ಲಿ ಯಾರೋ ಏನೋ ಉಸುರಿದ ಮೇಲೆ, ನೆಟ್ಟಗಾಗಿ, ಹಾರವನ್ನು ಬೇವಿನ ಟೊಂಗೆಗೆ ಹಾಕಿ ಕೈಮುಗಿದರು. ಹಿಂದೆ ಬಂದವರೂ ಹಾಗೇ ಮಾಡಿದರು. ಸಂಜೆಗೆ ನೋಡಿದರೆ ಉಪವಾಸ ಕೂತದ್ದು ಬೇವಿನ ಮರವೇ ಎಂಬಂತಿತ್ತು. ನಾಡಿ ನೋಡಲು ಬಂದ ಡಾಕ್ಟರು ಹುಚ್ಚವ್ವನ ಮಣಿಕಟ್ಟಿಗೆ ಕರವಸ್ತ್ರ ಹೊದಿಸಿ ಹಿಡಿದರು. ಬಹಳ ಹೊತ್ತು ಹುಡುಕಿ, ನಾಡಿ ಸಿಗದೆ, ಸತ್ಯಾಗ್ರಹಿಗಳ ಧೈರ್ಯ ಗಟ್ಟಿಯಾಗಿದೆ ಎಂದು ಸಮಿತಿಗೆ ತಿಳಿಸಿದರು.

ಹುಚ್ಚವ್ವನಿಗೆ ಸೋಜಿಗವೆನಿಸಿದ್ದು ಬೇರೆ. ಬಂದವರೆಲ್ಲ ಆಕೆಗೆ, ಏನೂ ತಿಂದಿಲ್ಲೇನವ್ವಾ ಎಂದು ಕೇಳುತ್ತಿದ್ದರು. ಹುಟ್ಟಿದಾಗಿನಿಂದ ಈ ಮಾತನ್ನು ಆಕೆಗೆ ಯಾರೂ ಕೇಳಿರಲಿಲ್ಲ.

"ಯಕ್ಕಾ, ಇದು ಮದಲ ಗೊತ್ತಿದ್ರ ಹ್ವಾದ ಬ್ಯಾಸಿಗ್ಯಾಗ ಬಂದು ದಾರ್ಯಾಗ ಕುಂಡ್ರತಿದ್ವಿ" ಅಂದ ತಿರಕಪ್ಪ.

ತೇಗಿನ ಬೈಗುಳ ತಿಂದ ದಿನವೇ ಮಧ್ಯಾಹ್ನ ತಾಲೂಕಿನ ಮಾಮಲೇದಾರರ ಜೀಪು ಬಂತು. ಅದು ಹಂದರದ ಮುಂದೆ ನಿಲ್ಲದೆ ನೇರ ಗೌಡರ ಮನೆಗೆ ಹೋಯಿತು. ಸಮಿತಿಯೂ ಬೆನ್ನ ಹಿಂದೆಯೇ ಹೋಯಿತು. ಒಳಗೆ ಏನು ನಡೆದಿದೆ ಎಂಬುದನ್ನು ತಿರಕಪ್ಪ ಚಾಪೆಯ ಮೇಲಿಂದಲೇ, ಮೂಗಿನಲ್ಲಿ ತಿಳಿದು ಹೇಳುತ್ತಿದ್ದ. ಮೊದಲು ಹೋಳಿಗೆ ಅಂದ. ಸ್ವಲ್ಪ ತಡೆದು, ಈಗ ತುಪ್ಪ ಬಿತ್ತು ಅಂದ. ಕಣ್ಣು ಮುಚ್ಚಿ, ಈಗ ಎಲಿ ಅಡಕಿ ಹಾಕ್ಕೊಂಡ್ರು ಅಂದ.

ಮೂಗಿಗೆ ಸಿಗದ ಸುದ್ದಿಯನ್ನು ಹೇಮಪ್ಪ ತಂದ. ಅವನೂ ಕೇರಿಯವನೇ, ಗೌಡರ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುವವನು. ಗಾಡಿ ಗುತ್ತಿಗೆಯಲ್ಲಿ ಅರ್ಧ ಗೌಡರಿಗೆ ಕೊಡಿಸಿದ್ದಾರಂತೆ, ನಾಳೆಯಿಂದ ಗಾಡಿಗಳಿಗೆ ಎಣ್ಣೆ ಬಿಡು ಎಂದು ತನಗೆ ಹೇಳಿದ್ದಾರೆ ಎಂದು ಪಿಸುಗುಟ್ಟಿ ಹೋದ. ಇಲ್ಲಿಂದ ಮಾಮಲೇದಾರರು ಗುಡ್ಡದ ಮೇಲೆ ಗುದ್ದಲಿ ಪೂಜೆಗೆ ಹೋಗುವವರಿದ್ದರು. ಅದಕ್ಕೂ ಮೊದಲು ಉಪವಾಸ ಮುಗಿಯಬೇಕು, ಮುಗಿದದ್ದಕ್ಕೆ ಫೋಟೋ ಇರಬೇಕು. ಜೀಪು ಹಂದರದ ಹತ್ತಿರ ಬಂದು, ಗುಡ್ಡದ ಕಡೆ ಮುಖ ಮಾಡಿ ಗಾಡಿದಾರಿಯಲ್ಲಿ ನಿಂತಿತು.

ಗದಗಿನ ಫೋಟೋದ ಯಮನೂರಸಾಬ ಮೂರು ಕಾಲಿನ ಕ್ಯಾಮರಾ ಹೂಡಿ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಗೌಡರು ಲಿಂಬೆಹಣ್ಣಿನ ಶರಬತ್ತು ಹಿಡಿದುಕೊಂಡು ಬಂದರು. ಫೋಟೋದಲ್ಲಿ ಹೊಳೆಯಲಿ ಎಂದು ದೇವರ ಜಗಲಿಯ ಬೆಳ್ಳಿ ತಂಬಿಗೆಯನ್ನೇ ತಂದಿದ್ದರು.

"ಸರಕಾರ ವಿಚಾರ ಮಾಡ್ತೈತಂತ. ನಾವು ಗೆದ್ವಿ. ಕೈ ಚಾಚ, ಹುಚ್ಚಿ."

"ಗುಡ್ಡ ಅಗಿಯೂದು ನಿಂತೇನ್ರಿ, ಗೌಡ್ರ?"

"ಗುಡ್ಡ ಎಲ್ಲಿ ಹೋಗ್ತೈತಿ? ಹೊಟ್ಟ್ಯಾಗಿಂದಷ್ಟ ತಗೋತಾರ. ಮ್ಯಾಲಿಂದು ಹಂಗ ಇರ್ತೈತಿ."

"ಅಂದ್ರ ಗುಡ್ಡಾನೂ ನಮ್ಮಂಗ ಆತು ಅನ್ರಿ" ಅಂದ ತಿರಕಪ್ಪ.

ಗೌಡರು ಕೇಳಿಸಲಿಲ್ಲವೆಂಬಂತೆ ತಂಬಿಗೆಯನ್ನು ಮೇಲೆತ್ತಿದರು. ಹುಚ್ಚವ್ವನ ಕೈಗಳು ತಾವಾಗಿಯೇ ಎದ್ದು ಬೊಗಸೆಯಾದವು. ಬಾವಿಯ ಹತ್ತಿರ, ಚಹಾದಂಗಡಿಯ ಹೊರಗೆ, ಹೊಲದ ಬದುವಿನಲ್ಲಿ, ಮೇಲಿಂದ ಯಾರೋ ಸುರಿದದ್ದನ್ನು ಹಿಡಿದು ಹಿಡಿದು ಅವಕ್ಕೆ ಅದೇ ಗೊತ್ತು. ಆಕೆ ಒಮ್ಮೆ ಬೊಗಸೆಯನ್ನು ನೋಡಿಕೊಂಡಳು. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತಳು.

"ತಂಬಗಿ ಕೈಯಾಗ ಕೊಡ್ರಿ, ಗೌಡ್ರ."

ಯಮನೂರಸಾಬ ಬಟ್ಟೆಯಿಂದ ತಲೆ ಹೊರತೆಗೆದು, ಅಷ್ಟು ಎತ್ತರದಿಂದ ಸುರಿದರೆ ಗೌಡರ ರುಮಾಲು ಚೌಕಟ್ಟಿನಲ್ಲಿ ಕೂಡುವುದಿಲ್ಲ, ಹುಬ್ಬಳ್ಳಿಯಲ್ಲೂ ಬಾಯಿಗೇ ಹಿಡಿದಿದ್ದರು ಎಂದು ತನ್ನ ಕಸುಬಿನ ಅಡಚಣೆ ಹೇಳಿದ. ಗೌಡರು ಅವನನ್ನು ನುಂಗುವಂತೆ ನೋಡಿ, ತಿರಕಪ್ಪನ ಕಡೆ ತಿರುಗಿದರು. ತಿರಕಪ್ಪನ ಗಂಟಲಗಡ್ಡೆ ಮೇಲೆ ಹೋಗಿ ಕೆಳಗೆ ಬಂತು. ಕಣ್ಣು ತಂಬಿಗೆಯ ಬಾಯಿಗೆ ಅಂಟಿಕೊಂಡಿತ್ತು.

"ಹೆಣ್ಮಗಳು ಮದಲ ಕುಡೀಲ್ರಿ" ಅಂದ, ಅಳುವ ದನಿಯಲ್ಲಿ.

ಮಾಮಲೇದಾರರು ಗಡಿಯಾರ ನೋಡಿಕೊಂಡು ಗೌಡರ ಹತ್ತಿರ ಬಂದು ದನಿ ತಗ್ಗಿಸಿದರು. "ಕೊಟ್ಟ ಬಿಡ್ರಿ ಗೌಡ್ರ. ಈಗ ಕಾಯ್ದೆ ಬ್ಯಾರೆ ಅದ. ಸುರಿಯೋದು ಫೋಟೋದಾಗ ಬಂದ್ರ ನನ್ನ ನೌಕರಿಗೆ ಸಂಚಕಾರ."

"ಜಗಲಿ ಮ್ಯಾಲಿನ ತಂಬಗ್ರಿ, ರಾವಸಾಹೇಬ್ರ. ಮನ್ಯಾಗ ನಮ್ಮಾಕಿ ನನಗ ರೊಟ್ಟಿ ಹಾಕೂದಿಲ್ಲ."

"ಹಂಗಾರ ನೀವೂ ಉಪಾಸ ಕುಂಡ್ರಾಕ ಬರ್ರಿ" ಅಂದಳು ಹುಚ್ಚವ್ವ. ಗದಗಿನಿಂದ ಬಂದವರಲ್ಲಿ ಯಾರೋ ಕಿಸಕ್ಕೆಂದರು.

ಅರ್ಧ ಗುತ್ತಿಗೆ ಒಂದು ಕಡೆ, ಜಗಲಿಯ ತಂಬಿಗೆ ಒಂದು ಕಡೆ. ಗೌಡರ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗಿಳಿಯಿತು. ಕೊನೆಗೆ ಎರಡು ಬೆರಳಲ್ಲಿ ತಂಬಿಗೆಯ ಕಂಠ ಹಿಡಿದು, ಮುಖ ಆಚೆ ಮಾಡಿ, ಕೆಳಗೆ ಚಾಚಿದರು. ಹುಚ್ಚವ್ವ ತಳ ಹಿಡಿದಳು. ಅಲ್ಲಾಡಬ್ಯಾಡ್ರಿ ಎಂದ ಯಮನೂರಸಾಬ ಬಟ್ಟೆಯೊಳಗೆ ಸೇರಿ, ಗಾಜು ಸೇರಿಸುವುದೇನು, ಮುಚ್ಚಳ ತೆಗೆಯುವುದೇನು, ತನ್ನ ಪೂರ್ತಿ ಸಾವಕಾಶ ತಗೊಂಡ. ಅಷ್ಟೂ ಹೊತ್ತು ಊರಿನ ಕಣ್ಣೆದುರು ಒಂದೇ ತಂಬಿಗೆಯ ಮೇಲೆ ಆ ಎರಡು ಕೈ ಇದ್ದವು.

ಫೋಟೋ ಆಯಿತು. ಗೌಡರು ಕೈಬಿಟ್ಟು, ಬೆರಳುಗಳನ್ನು ಮೈಗೆ ತಾಗದಂತೆ ದೂರ ಹಿಡಿದು ನಿಂತರು. ಹುಚ್ಚವ್ವ ತಂಬಿಗೆಯನ್ನು ಬಾಯಿಗೆ ಒಯ್ಯಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದು, ತುಳುಕದಂತೆ ಹಿಡಿದುಕೊಂಡು ನಡೆದು, ಗಾಡಿದಾರಿಯ ನಟ್ಟನಡುವೆ, ಜೀಪಿನ ಮೂತಿಯ ಮುಂದೆ ಕೂತಳು. ತಂಬಿಗೆಯನ್ನು ಎದುರಿಗೆ ಇಟ್ಟುಕೊಂಡಳು.

"ಕುಡಿಯ, ಹುಚ್ಚ ರಂಡೆ."

"ಕೈಯಾಗ ಕೊಡ್ರಿ ಅಂದೆ. ಕುಡೀತೀನಿ ಅಂದಿಲ್ಲ."

ಎಳೆದು ಒಗೆಯಿರಿ ಆಕೆಯನ್ನ ಎಂದು ಗೌಡರು ಆಳುಗಳಿಗೆ ಕೂಗಿದರು. ಒಬ್ಬ, ತಾನು ಈಗಷ್ಟೇ ಮೈ ತೊಳೆದು ಬಂದಿದ್ದೇನೆ ಅಂದ. ಇನ್ನೊಬ್ಬನಿಗೆ ಸೋಮವಾರದ ವ್ರತ ನೆನಪಾಯಿತು. ಡ್ರೈವರು ಹಾರ್ನು ಒತ್ತುತ್ತಲೇ ಇದ್ದ, ಆ ಸದ್ದಿಗೆ ಟೊಂಗೆಯ ಕಾಗೆಗಳಷ್ಟೇ ಎದ್ದವು.

ಈ ಊರಲ್ಲಿ ಎಳೆಯುವುದೇನಿದ್ದರೂ ಕೇರಿಯವರ ಕೆಲಸವೆಂಬುದು ಗೌಡರಿಗೆ ಆಗ ಹೊಳೆಯಿತು. ಹಗ್ಗ ತಗೊಂಡು ಕೇರಿಯವರನ್ನೆಲ್ಲ ಕರೆದುಕೊಂಡು ಬಾ ಎಂದು ಹೇಮಪ್ಪನನ್ನು ಅಟ್ಟಿದರು.

ಕೇರಿ ಪೂರ್ತಿ ಬಂತು. ಹೇಮಪ್ಪನ ಹೆಗಲ ಮೇಲೆ ಸತ್ತ ದನ ಎಳೆಯುವ ಹಗ್ಗವಿತ್ತು. ಅವರು ಹುಚ್ಚವ್ವನನ್ನು ನೋಡಿದರು, ಮುಂದಿದ್ದ ಬೆಳ್ಳಿ ತಂಬಿಗೆಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಹೇಮಪ್ಪ ಹಗ್ಗವನ್ನು ಸಿಂಬಿ ಸುತ್ತಿ ದಾರಿಯ ಮೇಲೆ ಇಟ್ಟ. ಅದರ ಮೇಲೆ ಕೂತ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ತಿರಕಪ್ಪ ಚಾಪೆ ಸುತ್ತಿಕೊಂಡು ಬಂದು ಹುಚ್ಚವ್ವನ ಮಗ್ಗುಲಿಗೆ ಹಾಸಿದ. ಬಹಳ ಚಿಂತೆಯ ವಿಷಯವೊಂದು ಅವನನ್ನು ಕಾಡುತ್ತಿತ್ತು.

"ಯಕ್ಕಾ, ಹಿಂದ ಉಪಾಸ ಇದ್ದದ್ದು ಲೆಕ್ಕಕ್ಕ ಬರ್ತೈತೋ, ಇಲ್ಲಾ ಹೊಸದಾಗಿ ಹಿಡೀಬೇಕೋ?"

"ಅದು ಗೌಡ್ರ ಪಾಲಿಂದು. ನಮ್ದು ಈಗ ಚಾಲೂ ಆತು."

ತಿರಕಪ್ಪ ತಂಬಿಗೆಯೊಳಗೆ ಇಣುಕಿದ. ಒಂದು ನೊಣ ಶರಬತ್ತಿಗೆ ಬಿದ್ದು, ಮೇಲೇರಲು ನೋಡದೆ, ಸುಖವಾಗಿ ಈಜುತ್ತಿತ್ತು. ಅದಕ್ಕೊಂದು ಕೆಟ್ಟ ಬೈಗುಳ ಬೈದು, ಅವನು ಜೀಪಿನ ಕಡೆ ಮುಖ ಮಾಡಿ ಚಕ್ಕಳಬಕ್ಕಳ ಹಾಕಿ ಕೂತ.