ಮೂವತ್ತು ಇಂಚಿನ ಅಡುಗೆ ಕಟ್ಟೆ

ಬಿಳಿ ಬಣ್ಣದಲ್ಲಿ ಹನ್ನೊಂದು ಬಗೆ ಇದೆ ಎಂಬುದು ನನಗೆ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಮರಗೆಲಸ ಮಾಡಿದ್ದೇನೆ. ನನ್ನ ಪಾಲಿಗೆ ಬಿಳಿ ಎಂದರೆ ಒಂದೇ, ಅದೂ ಅಡುಗೆಮನೆಯಲ್ಲಿ ಆರು ತಿಂಗಳಿಗೆ ಹಳದಿಯಾಗುತ್ತದೆ. ಆದರೆ ನಮ್ಮ ಕಂಪನಿಯ ಆಯ್ಕೆ ಕೋಣೆಗೆ ಹೋಗಿ ನೋಡಿ. 'ಬೆಳಗಿನ ಮಂಜು' ಎಂಬುದು ಒಂದು ಬಿಳಿ, 'ಮೊಲದ ಕಿವಿ' ಇನ್ನೊಂದು ಬಿಳಿ, 'ಮೌನ' ಮತ್ತೊಂದು. ಮೂರನ್ನೂ ಪಕ್ಕಪಕ್ಕ ಇಟ್ಟು ಯಾವುದು ಯಾವುದೆಂದು ಕೇಳಿದರೆ, ಮಾರುವವರೇ ಬಣ್ಣದ ಮಾದರಿ ತುಂಡನ್ನು ಹಿಂದೆ ತಿರುಗಿಸಿ ಚೀಟಿ ಓದುತ್ತಾರೆ.

ಕಂಪನಿಯ ಕಸುಬು ಮನೆ ಕಟ್ಟಿ ಮಾರುವುದು. ಒಂದೇ ಅಚ್ಚಿನಲ್ಲಿ ತೆಗೆದ ಇನ್ನೂರು ಮನೆ. ಕೊಳ್ಳುವವರಿಗೆ ಅದು ನೆನಪಾಗಬಾರದಲ್ಲ, ಅದಕ್ಕೇ ಈ ಆಯ್ಕೆ ಕೋಣೆ. ಒಳಗೆ ಕಾಲಿಟ್ಟರೆ ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರ: 'ನಿಮ್ಮ ಮನೆ, ನಿಮ್ಮಂತೆ'. ಒಂದು ಬದಿಗೆ ಮಾದರಿ ಅಡುಗೆಮನೆ, ಮೇಜಿನ ಮೇಲೆ ನೂರಾ ಅರವತ್ತೆರಡು ಪ್ರಶ್ನೆಗಳ ಫಾರಂ. ಮೊದಲಿನ ಇಪ್ಪತ್ತು ಪ್ರಶ್ನೆ ಮನೆಯ ಬಗ್ಗೆ ಅಲ್ಲವೇ ಅಲ್ಲ, ಕೊಳ್ಳುವವರ ಸ್ವಭಾವದ ಬಗ್ಗೆ. ಬೆಳಿಗ್ಗೆ ಎದ್ದಾಗ ನಿಮಗೆ ಯಾವ ಬಣ್ಣ ನೆನಪಾಗುತ್ತದೆ, ಬೇಸರವಾದಾಗ ಏನು ಮುಟ್ಟಬೇಕು ಅನಿಸುತ್ತದೆ, ಇಂಥವು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ನೀವು ಕಡಲೋ, ಕಾಡೋ, ಮರಳೋ ಎಂದು ಅದು ಹೇಳುತ್ತದೆ. ಕಡಲು ಬಂದವರಿಗೆ ನೀಲಿ ಕಪಾಟು, ಕಾಡು ಬಂದವರಿಗೆ ಹಸಿರು. ಉಳಿದ ಪ್ರಶ್ನೆಗಳು ಹಿಡಿಕೆ, ದೀಪ, ಪರದೆಯವು. ಇದನ್ನೆಲ್ಲ ನಡೆಸುವವರು ಡಿಸೈನ್ ಮೇಡಂ. ಒಳ್ಳೆಯ ಹೆಣ್ಣುಮಗಳೇ, ಆದರೆ ಕಂಪ್ಯೂಟರಿನಲ್ಲಿ ಖಾನೆ ಇಲ್ಲದ ವಿಷಯ ಭೂಮಿಯ ಮೇಲೂ ಇಲ್ಲ ಎಂದು ನಂಬಿದವರು. ಅವರ ಮೇಲೆ ಮ್ಯಾನೇಜರ್. ಆತನನ್ನು ನಾವು ಕೆಲಸದವರು ಕರೆಯುವುದು 'ಖಂಡಿತ' ಎಂದು. ಗಿರಾಕಿ ಏನು ಕೇಳಿದರೂ ಆತನ ಬಾಯಿಂದ ಮೊದಲು ಬರುವ ಮಾತು ಅದೇ. ಬಿಸಿಲು ಎರಡೂ ಕಡೆಯಿಂದ ಬರುತ್ತಾ ಎಂದರೂ ಖಂಡಿತ. ಆಮೇಲೆ ಆಗುವುದು ಏನು ಎಂಬುದು ಬೇರೆ ಮಾತು.

ಒಂದು ಶನಿವಾರ ಬೆಳಿಗ್ಗೆ ನಾನು ಎರಡನೇ ಮಹಡಿಯ ಒಂದು ಮನೆಯಲ್ಲಿ ಅಡುಗೆ ಕಟ್ಟೆಯ ಕೆಳಗಿನ ಕಪಾಟು ಕೂರಿಸಿ, ಮಟ್ಟ ಸರಿಯಿದೆಯೇ ಎಂದು ನೋಡುತ್ತಿದ್ದೆ. ಸೋಮವಾರ ಅದರ ಮೇಲೆ ಕಲ್ಲು ಕೂರುವುದಿತ್ತು. ಆಗ ಮನೆ ಕೊಂಡವರು ಬಂದರು, ಗಂಡ ಹೆಂಡತಿ. ಗಂಡ ಬಸ್ ಡ್ರೈವರ್, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಹೆಂಡತಿ ದರ್ಜಿ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದರು. ಎತ್ತರ ನಾಲ್ಕು ಅಡಿ ಒಂಬತ್ತು ಇಂಚು ಇದ್ದರೆ ಹೆಚ್ಚು. ಬಂದವರೇ ಕಪಾಟಿನ ಮುಂದೆ ನಿಂತರು. ಕಪಾಟಿನ ತಲೆ ಆಗಲೇ ಅವರ ಸೊಂಟ ದಾಟಿತ್ತು.

"ಮೇಸ್ತ್ರಿ, ಇದು ಎತ್ತರ ಆಗಿದೆ," ಅಂದರು.

"ಇನ್ನೂ ಕಲ್ಲು ಕೂತಿಲ್ಲ ಅಕ್ಕ. ಕೂತ್ರೆ ಇನ್ನೂ ಒಂದೂವರೆ ಇಂಚು ಮೇಲೆ ಹೋಗುತ್ತೆ."

ಆಯಮ್ಮ ಟೇಪು ತೆಗೆದು ನೆಲದಿಂದ ಅಳೆದರು. "ಮೂವತ್ತೆರಡೂವರೆ. ಕಲ್ಲು ಸೇರಿದ್ರೆ ಮೂವತ್ನಾಲ್ಕು. ಆಯ್ಕೆ ಕೋಣೆಯಲ್ಲಿ ನಾನು ನೋಡಿದ್ದು ಮೂವತ್ತು."

"ಎಲ್ಲಾ ಕಡೆ ಮೂವತ್ನಾಲ್ಕೇ ಅಕ್ಕ. ನಕ್ಷೆಯಲ್ಲಿ ಹಾಗಿದೆ."

"ಮೂವತ್ತು. ಅಲ್ಲಿ ನಿಂತು ಅಳೆದಿದ್ದೀನಿ. ಫಾರಂನಲ್ಲಿ ಬರೆದೂ ಕೊಟ್ಟಿದ್ದೀನಿ."

ನನಗೆ ಸಿಟ್ಟು ಬಂತು. ನನ್ನ ಅಳತೆ ತಪ್ಪು ಎಂದು ನನ್ನ ಗುರುವೂ ಒಂದು ಸಲಕ್ಕಿಂತ ಹೆಚ್ಚು ಹೇಳಿದವನಲ್ಲ. "ನಿಮ್ಮದು ಬಟ್ಟೆ ಟೇಪು," ಅಂದೆ. "ಹಳೇದಾದ್ರೆ ಹಿಗ್ಗುತ್ತೆ. ಅದನ್ನ ನಂಬ್ಕೊಂಡು ಮನೆ ಕಟ್ಟೋಕಾಗುತ್ತಾ?"

"ನಾಲ್ಕು ಇಂಚು ಹಿಗ್ಗೋ ಟೇಪಲ್ಲಿ ನಾನು ಹೊಲೀತಿದ್ರೆ, ಇಷ್ಟು ಹೊತ್ತಿಗೆ ಜನ ನನ್ನ ಅಂಗಡಿಗೆ ಬೆಂಕಿ ಇಡ್ತಿದ್ರು," ಅಂದರು ಆಯಮ್ಮ, ಸ್ವಲ್ಪವೂ ದನಿ ಏರಿಸದೆ.

ಡ್ರೈವರ್ ಬಾಗಿಲಿಗೆ ಒರಗಿ ನಿಂತಿದ್ದ. "ನೀವಾದ್ರೂ ಹೇಳಿ," ಅಂದೆ ಆತನಿಗೆ.

"ನಾನು ಕಡಲು ಅಂತೆ ಮೇಸ್ತ್ರಿ. ಫಾರಂನಲ್ಲಿ ಬಂದಿದೆ. ಕಡಲು ಇಂಥದ್ದಕ್ಕೆಲ್ಲ ಬಾಯಿ ಹಾಕಲ್ಲ." ಆಮೇಲೆ ನಗು ಬಿಟ್ಟು ಹೇಳಿದ: "ತಮಾಷೆ ಅಲ್ಲ. ಇಪ್ಪತ್ತೆರಡು ವರ್ಷ ಬಾಡಿಗೆ ಮನೆಗಳಲ್ಲಿ ಇವಳು ಪೆಟ್ಟಿಗೆ ಮೇಲೆ ನಿಂತು ಅಡುಗೆ ಮಾಡಿದ್ದಾಳೆ. ಹೋದ ವರ್ಷ ಪೆಟ್ಟಿಗೆ ಜಾರ್ತು. ಬಲಗೈ ಮಣಿಕಟ್ಟು ಮುರೀತು. ಮೂರು ತಿಂಗಳು ಸೂಜಿ ಹಿಡೀಲಿಲ್ಲ. ಮತ್ತೆ ಹಾಗೆ ಬಿದ್ರೆ ಕೈ ಕೂಡಲ್ಲ ಅಂದಿದ್ದಾರೆ ಡಾಕ್ಟರು. ಈ ಮನೆ ತಗೊಂಡಿದ್ದೇ ಆ ಕಟ್ಟೆ ನೋಡಿ."

"ಮೊದಲನೇ ಸಲ ಒಂದು ಕಟ್ಟೆ ನನ್ನ ಸೊಂಟಕ್ಕೆ ಸರಿಯಾಗಿ ಬಂದಿತ್ತು," ಅಂದರು ದರ್ಜಿ ಅಕ್ಕ. "ಬಣ್ಣ ಯಾವುದೋ ಒಂದು ಗೀಚಿ ಬಂದೆ."

ನಾನು ಸುತ್ತಿಗೆ ಇಟ್ಟು ಆಯ್ಕೆ ಕೋಣೆಗೆ ನಡೆದೆ. ಆಯಮ್ಮನ ಟೇಪು ಸುಳ್ಳು ಎಂದು ತೋರಿಸಿಯೇ ಬರುತ್ತೇನೆ ಎಂಬ ಜಂಬದಲ್ಲಿ. ಅಲ್ಲಿನ ಮಾದರಿ ಅಡುಗೆಮನೆಯಲ್ಲಿ ನಿಂತು ನನ್ನ ಉಕ್ಕಿನ ಟೇಪು ಎಳೆದೆ. ಮೂವತ್ತು. ಇನ್ನೊಂದು ಸಲ ಎಳೆದೆ. ಮೂವತ್ತೇ. ಆಗ ಕಾಲ ಕೆಳಗೆ ನೋಡಿದೆ, ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನಿಸಿತು.

ಆ ನೆಲ ನಾನೇ ಮಾಡಿದ್ದು. ಕೋಣೆ ತೆರೆಯುವ ಹಿಂದಿನ ವಾರ, ಮಾದರಿ ಕಪಾಟು ಕೂರಿಸಿ ಆದ ಮೇಲೆ, ದೀಪದ ವೈರುಗಳು ನೆಲದ ಮೇಲೆ ಹಾವಿನ ಹಾಗೆ ಬಿದ್ದಿವೆ, ಮುಚ್ಚಿ ಎಂದಿದ್ದರು. ನಾಲ್ಕು ಇಂಚು ಎತ್ತರ ಬರುವ ಹಾಗೆ ಪಟ್ಟಿ ಹೊಡೆದು, ಮೇಲೆ ಹಲಗೆ ಹಾಸಿ, ಅದಕ್ಕೆ ಕಲ್ಲಿನ ಹಾಗೆ ಕಾಣುವ ಹಾಳೆ ಅಂಟಿಸಿದ್ದೆ. ಕಪಾಟು ನಿಂತಿದ್ದು ನಿಜವಾದ ನೆಲದ ಮೇಲೆ, ಗಿರಾಕಿ ನಿಲ್ಲುವುದು ನನ್ನ ಹಲಗೆಯ ಮೇಲೆ. ಎರಡು ವರ್ಷದಿಂದ ಬಂದ ಗಿರಾಕಿಗಳೆಲ್ಲ ನಾಲ್ಕು ಇಂಚು ಬೆಳೆದು ನಿಂತು, ಆಹಾ ಎಷ್ಟು ಅನುಕೂಲ ಎಂದು ಸಹಿ ಹಾಕಿ ಹೋಗಿದ್ದಾರೆ. ನನ್ನಂಥ ಪೆದ್ದನಿಗೆ ಮೇಸ್ತ್ರಿ ಎಂದು ಹೆಸರು.

ಡಿಸೈನ್ ಮೇಡಂ ಹತ್ತಿರ ದರ್ಜಿ ಅಕ್ಕನ ಫಾರಂ ತೆಗೆಸಿದೆ. ಕೊನೆಯ ಪುಟದ ಅಂಚಿನಲ್ಲಿ, ಚಿಕ್ಕ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿತ್ತು: 'ಅಡುಗೆ ಕಟ್ಟೆ ಮೂವತ್ತು ಇಂಚು, ಇಲ್ಲಿ ತೋರಿಸಿದ ಹಾಗೆ.'

"ಇದನ್ನ ಯಾಕೆ ನಮಗೆ ಕಳಿಸಿಲ್ಲ?" ಅಂದೆ.

"ಅದನ್ನ ಹಾಕೋಕೆ ಸಿಸ್ಟಂನಲ್ಲಿ ಜಾಗ ಇಲ್ಲ ಮೇಸ್ತ್ರಿ. ಅವರು ಉತ್ತರ ಬರೀಬೇಕಿರೋದು ಪ್ರಶ್ನೆಗೆ. ಇದು ಯಾವ ಪ್ರಶ್ನೆಗೆ ಉತ್ತರ ಹೇಳಿ?"

ನೂರಾ ಅರವತ್ತೆರಡು ಪ್ರಶ್ನೆ. ಮೊಲದ ಕಿವಿಯವರೆಗೂ ಹೋಗಿದ್ದಾರೆ. ಅಡುಗೆ ಮಾಡುವವರು ಎಷ್ಟು ಎತ್ತರ ಎಂದು ಒಂದು ಪ್ರಶ್ನೆ ಇಲ್ಲ.

ಅಷ್ಟರಲ್ಲಿ ದರ್ಜಿ ಅಕ್ಕ, ಡ್ರೈವರ್ ಇಬ್ಬರೂ ಬಂದರು. ಖಂಡಿತ ಸಾಹೇಬರೂ ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದರು. ನಾನು ವಿಷಯ ಹೇಳಿದೆ. ಕಲ್ಲು ಕೂರುವ ಮೊದಲಾದರೆ ತಗ್ಗಿಸಬಹುದು, ಕಪಾಟಿನ ಕಾಲಿನಲ್ಲಿ ಎರಡು ಇಂಚು, ಮೈಯಲ್ಲಿ ಎರಡು ಇಂಚು ಕೊಯ್ದರೆ ಆಯಿತು, ಎರಡು ದಿನದ ಕೆಲಸ ಎಂದೂ ಹೇಳಿದೆ. ಸಾಹೇಬರು ತಲೆದೂಗುತ್ತಾ ಕೇಳಿದರು.

"ನಿಮ್ಮ ಕಷ್ಟ ನನಗೆ ಖಂಡಿತ ಅರ್ಥ ಆಗುತ್ತೆ ಮೇಡಂ," ಅಂದರು. "ಆದ್ರೆ ನಕ್ಷೆ ಬದಲಾಯಿಸೋಕೆ ಬರಲ್ಲ. ಒಬ್ಬರಿಗೆ ಮಾಡಿದ್ರೆ ಇನ್ನೂರು ಜನ ಕೇಳ್ತಾರೆ. ನಾವು ಒಂದು ಕೆಲಸ ಮಾಡೋಣ. ನಿಮ್ಮ ಕಪಾಟಿನ ಬಣ್ಣಕ್ಕೇ ಹೊಂದೋ ಒಂದು ಚೆಂದದ ಸ್ಟೂಲು ಮಾಡಿಸಿಕೊಡ್ತೀವಿ. ಕಂಪನಿ ಕಡೆಯಿಂದ ಉಡುಗೊರೆ. ನಾಳೆ ಭಾನುವಾರ ಬನ್ನಿ, ಬಣ್ಣ ಆರಿಸಿ."

ಮಣಿಕಟ್ಟು ಮುರಿದ ಹೆಂಗಸಿಗೆ ಸ್ಟೂಲು. ಅದಕ್ಕೂ ಹನ್ನೊಂದು ಬಿಳಿ.

ದರ್ಜಿ ಅಕ್ಕ ಸಾಹೇಬರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು, ಹೊಲಿಯುವ ಮೊದಲು ನೋಡುವ ಹಾಗೆ. "ನನ್ನ ಅಂಗಡಿಗೆ ಬಂದವರಿಗೆ ನಾನು ಮೊದಲು ಅಳತೆ ತಗೋತೀನಿ ಸಾರ್. ಅಂಗಿ ಬಿಗಿ ಆದ್ರೆ ಉಸಿರು ಹಿಡ್ಕೊಳ್ಳಿ ಅನ್ನಲ್ಲ," ಅಂದರು. ಗಂಡನ ಕಡೆ ತಿರುಗಿ, "ನಡೀರಿ," ಅಂದರು.

ಅವರು ಹೋದ ಮೇಲೆ ನಾನು ಆ ಸುಳ್ಳು ನೆಲವನ್ನು ತೋರಿಸಿ, "ಸಾರ್, ಇದನ್ನಾದ್ರೂ ಕಿತ್ತು ಹಾಕ್ತೀನಿ. ಇನ್ನೊಬ್ಬರು ಮೋಸ ಹೋಗೋದು ಬೇಡ," ಅಂದೆ.

ಸಾಹೇಬರು ಹಲಗೆಯ ಮೇಲೆ ಹತ್ತಿದರು, ಕಟ್ಟೆಗೆ ಕೈ ಊರಿದರು, ಇಳಿದರು, ಮತ್ತೆ ಹತ್ತಿದರು. ಮುಖದಲ್ಲಿ ಬೆಳಕು ಮೂಡಿತು. "ಅದಕ್ಕೇನಾ ಮೇಸ್ತ್ರಿ, ಎಲ್ಲರೂ ಅಡುಗೆಮನೆ ಬಹಳ ಹಿಡಿಸ್ತು ಅನ್ನೋದು? ಎರಡು ವರ್ಷದಿಂದ ನಾವು ಬಣ್ಣಕ್ಕೆ ಅಂದ್ಕೊಂಡಿದ್ವಿ. ಮುಟ್ಟಬೇಡ ಅದನ್ನ. ಹಾಗೇ ಇರಲಿ."

ಅಂದರೆ, ಯಾವುದು ಜನಕ್ಕೆ ಬೇಕು ಎಂಬುದು ಕೊನೆಗೂ ಗೊತ್ತಾಯಿತು. ಗೊತ್ತಾದದ್ದನ್ನು ಮನೆಯಲ್ಲಿ ಕೊಡುವುದು ಬೇಡ, ಕೋಣೆಯಲ್ಲಿ ತೋರಿಸಿದರೆ ಸಾಕು. ಇಂಥ ತಲೆಗೆ ಟೈ ಕಟ್ಟಿ ಕೂರಿಸಿದ್ದಾರೆ. ನನ್ನ ಮೈ ಉರಿಯಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆಯ್ಕೆ ಕೋಣೆ ತುಂಬಿತ್ತು. ಭಾನುವಾರ ಜನ ಕುಟುಂಬ ಸಮೇತ ಬರುತ್ತಾರೆ. ನಾನು ಹಾರೆಕೋಲು ಹಿಡಿದು ಒಳಗೆ ಬಂದೆ. "ಸ್ವಲ್ಪ ಸರೀರಿ, ನೆಲದಲ್ಲಿ ಹುಳುಕಿದೆ," ಎಂದು ಹೇಳಿ ಮಾದರಿ ಅಡುಗೆಮನೆಯಿಂದ ಎಲ್ಲರನ್ನೂ ಇಳಿಸಿದೆ. ಸುಳ್ಳೇನಲ್ಲ. ಹಾಕಿದವನು ನಾನೇ, ಯಾವ ಮೊಳೆ ಎಲ್ಲಿದೆ ಎಂದು ಗೊತ್ತು. ಕಾಲು ಗಂಟೆಯಲ್ಲಿ ಹಲಗೆಗಳೆಲ್ಲ ಗೋಡೆಗೆ ಒರಗಿದವು. ಕೆಳಗೆ ವೈರು, ಧೂಳು, ಯಾರದೋ ಕಳೆದುಹೋದ ಪೆನ್ನು. ಡಿಸೈನ್ ಮೇಡಂ ಫೋನ್ ಹಿಡಿದು ಹೊರಗೆ ಓಡಿದರು.

"ಈಗ ನಿಂತು ನೋಡಿ," ಅಂದೆ ಜನಕ್ಕೆ. "ನಿಮ್ಮ ಮನೆಯಲ್ಲಿ ಬರೋದು ಇದು."

ಒಬ್ಬ ಅಜ್ಜಿ ಮೊದಲು ಬಂದು ನಿಂತರು. "ಇದೇನೋ, ಈಗ ತಾನೇ ಸರಿ ಇತ್ತು. ನಾನೇನು ನಿಂತ ಹಾಗೇ ಕುಗ್ಗಿಬಿಟ್ನಾ?" ಅಂದರು. ಸೊಸೆ ಬಂದು ನಿಂತಳು, ಭುಜ ಕಿವಿಗೆ ಬಂತು. ಅವಳ ಹಿಂದೆ ಒಬ್ಬ ಉದ್ದದ ಗಂಡಸು ನಿಂತು, "ನನಗೆ ಇದೂ ಸಾಲದು. ಅಡುಗೆ ನಾನು ಮಾಡೋದು, ಬೆನ್ನು ಬಗ್ಗಿ ಬಗ್ಗಿ ಸಾಯ್ತೀನಿ," ಅಂದ. ಒಬ್ಬೊಬ್ಬರೂ ನಿಂತು ನೋಡತೊಡಗಿದರು. ಬಣ್ಣದ ತುಂಡುಗಳು ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದವು.

ಸಾಹೇಬರು ಬಂದಾಗ ಅವರ ಕಣ್ಣು ಮೊದಲು ನನ್ನ ಹಾರೆಕೋಲಿನ ಮೇಲೆ ಬಿತ್ತು. ಏನೋ ಹೇಳಲು ಬಾಯಿ ತೆರೆದರು. ಆದರೆ ಸುತ್ತ ಮೂವತ್ತು ಜನ ಗಿರಾಕಿಗಳು.

"ಏನ್ರೀ, ಈ ಕಟ್ಟೆ ನಮ್ಮ ಎತ್ತರಕ್ಕೆ ಮಾಡಿಕೊಡ್ತೀರಾ ಇಲ್ವಾ?" ಅಂದರು ಅಜ್ಜಿ.

ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ. "ಖಂಡಿತ," ಅಂದುಬಿಟ್ಟರು ಸಾಹೇಬರು.

"ಹಾಗಾದ್ರೆ ನನ್ನದರಲ್ಲಿ ಬರೆದು ಸಹಿ ಹಾಕಿ ಸಾರ್," ಎಂಬ ದನಿ ಬಾಗಿಲಲ್ಲಿ ಕೇಳಿತು. ಸ್ಟೂಲಿನ ಬಣ್ಣ ಆರಿಸಲು ಕರೆದಿದ್ದರಲ್ಲ, ದರ್ಜಿ ಅಕ್ಕ ಬಂದಿದ್ದರು. ಕೈಯಲ್ಲಿ ಫಾರಂನ ನಕಲು, ಕೊನೆಯ ಪುಟ ಮೇಲಕ್ಕೆ ಮಡಚಿ ಹಿಡಿದಿದ್ದರು. ಜನ ದಾರಿ ಬಿಟ್ಟರು. ಸಾಹೇಬರು ಸುತ್ತ ನೋಡಿದರು, ಪೆನ್ನಿಗೆ ಜೇಬು ತಡಕಿದರು, ಸಿಗಲಿಲ್ಲ. ನೆಲದ ಧೂಳಿನಲ್ಲಿದ್ದ ಪೆನ್ನನ್ನು ಎತ್ತಿ, ಒರೆಸಿ, ನಾನೇ ಕೊಟ್ಟೆ. ಬರೆಯಿತು.

ಸೋಮವಾರ ಕಲ್ಲಿನವರನ್ನು ತಡೆದು ಕಪಾಟು ಹೊರಗೆಳೆದೆ. ಕಾಲಿನಲ್ಲಿ ಎರಡು ಇಂಚು, ಮೈಯಲ್ಲಿ ಎರಡು ಇಂಚು ಕೊಯ್ದೆ. ಗೋಡೆಯ ಟೈಲ್ಸ್ ಮೂವತ್ನಾಲ್ಕರಿಂದ ಶುರುವಾಗಿತ್ತು, ಕೆಳಗೆ ಉಳಿದ ಬೋಳು ಜಾಗಕ್ಕೆ ಅದೇ ಕಲ್ಲಿನ ಪಟ್ಟಿ ಕೂರಿಸಿದೆವು. ಬುಧವಾರ ದರ್ಜಿ ಅಕ್ಕ ಬಂದು ಕಟ್ಟೆಯ ಮುಂದೆ ನಿಂತರು. ಎರಡೂ ಅಂಗೈ ಊರಿದರು. ಭುಜ ಏಳಲಿಲ್ಲ. ಬಲಗೈಯಿಂದ ತರಕಾರಿ ಹೆಚ್ಚುವ ಹಾಗೆ ನಾಲ್ಕು ಸಲ ಆಡಿಸಿದರು. ಟೇಪು ಮಾತ್ರ ತೆಗೆಯಲಿಲ್ಲ.

"ಅಳೀರಿ ಅಕ್ಕ," ಅಂದೆ.

"ಬೇಡ. ಗೊತ್ತಾಗುತ್ತೆ."

ಡ್ರೈವರ್ ಪಕ್ಕದಲ್ಲಿ ನಿಂತು ಬಗ್ಗಿ ನೋಡಿದ. "ಇನ್ಮೇಲೆ ನಾನು ಪಾತ್ರೆ ತೊಳೆಯೋ ಹಾಗಿಲ್ಲ. ಬೆನ್ನು ಹಿಡ್ಕೊಳ್ಳುತ್ತೆ," ಅಂದ.

"ನಿಮಗೊಂದು ಸ್ಟೂಲು ಕೊಡಿಸ್ತೀನಿ. ಕೂತ್ಕೊಂಡು ತೊಳೀರಿ," ಅಂದರು ಆಯಮ್ಮ.

ಕಂಪನಿ ನನ್ನನ್ನು ತೆಗೆಯಲಿಲ್ಲ. ಧೈರ್ಯ ಇರಲಿಲ್ಲ, ಆ ಭಾನುವಾರದ ಒಪ್ಪಂದಗಳೇ ಹದಿನೇಳು, ಎಲ್ಲದಕ್ಕೂ ಬೇರೆ ಬೇರೆ ಎತ್ತರ, ಮಾಡುವವನು ನಾನೇ. ಈಗ ಫಾರಂನಲ್ಲಿ ನೂರಾ ಅರವತ್ಮೂರನೇ ಪ್ರಶ್ನೆ ಬಂದಿದೆ. ನೇರವಾಗಿ ಎತ್ತರ ಎಷ್ಟು ಎಂದು ಕೇಳಿದರೆ ಅವರ ಮರ್ಯಾದೆ ಹೋಗುತ್ತದೆ. ಅದಕ್ಕೆ ಹೀಗೆ ಕೇಳುತ್ತಾರೆ: ನಿಮ್ಮ ಅಡುಗೆಮನೆ ಮೊಲವೋ, ಜಿಂಕೆಯೋ, ಜಿರಾಫೆಯೋ? ಉದ್ದದ ಆ ಗಂಡಸು ಮೊಲ ಎಂದು ಗುರುತು ಹಾಕಿದ್ದ, ಮಗಳಿಗೆ ಮೊಲ ಇಷ್ಟವಂತೆ. ನಾನು ಹೋಗಿ ಆತನನ್ನು ಗೋಡೆಗೆ ನಿಲ್ಲಿಸಿ, ಮೊಣಕೈ ಹತ್ತಿರ ಪೆನ್ಸಿಲಿನಲ್ಲಿ ಗೆರೆ ಎಳೆದು ಬಂದೆ. ಈಗ ಎಲ್ಲರಿಗೂ ಹಾಗೇ ಮಾಡುತ್ತೇನೆ. ಫಾರಂ ಅವರು ತುಂಬಿಸಿಕೊಳ್ಳಲಿ.

ಬುಧವಾರದ ಮಾತು ಒಂದು ಉಳಿಯಿತು. ನಾನು ಸಾಮಾನು ಕಟ್ಟಿಕೊಂಡು ಹೊರಟಾಗ ದರ್ಜಿ ಅಕ್ಕ, "ಮೇಸ್ತ್ರಿ, ನಿಮ್ಮ ಅಂಗಿ ತೋಳು ಉದ್ದ ಆಗಿದೆ. ಅಂಗಡಿಯಲ್ಲಿ ನೇತು ಹಾಕಿದ್ದನ್ನ ತಗೊಂಡಿದ್ದು ತಾನೇ? ಗರಗಸಕ್ಕೆ ಸಿಕ್ಕಿದ್ರೆ ಏನು ಗತಿ? ನಿಲ್ಲಿ, ಒಂದು ಹೊಲಿದು ಕೊಡ್ತೀನಿ," ಎಂದು ಕುತ್ತಿಗೆಯಿಂದ ಟೇಪು ತೆಗೆದರು.

ನನಗೆ ಸಂಕೋಚವಾಯಿತು. ಏನಾದರೂ ಹೇಳಬೇಕಲ್ಲ ಎಂದು, "ಬಣ್ಣ ಯಾವುದು ಹಾಕ್ತೀರಿ ಅಕ್ಕ?" ಅಂದೆ.

"ಅದು ಆಮೇಲೆ," ಅಂದರು. "ಮೊದಲು ಕೈ ಚಾಚಿ."